ಮನೆಯ ಎರಡನೆಯ ನೀರಿಗೆ ಆಳವಿಲ್ಲದ ಬಾವಿ

ಒಬ್ಬ ಮನುಷ್ಯನ ಒಂದು ದಿನದ ಎಲ್ಲ ಅಗತ್ಯಗಳಿಗೆ 50ರಿಂದ 100 ಲೀಟರ್ ನೀರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡುತ್ತದೆ. ಅದರಲ್ಲಿ ಕುಡಿಯುವುದಕ್ಕೂ ಅಡುಗೆಗೂ ಹೋಗುವುದು ಕೆಲವೇ ಲೀಟರ್. ಉಳಿದದ್ದೆಲ್ಲ ಸ್ನಾನ, ಬಟ್ಟೆ, ಪಾತ್ರೆ, ಶೌಚಾಲಯ, ನೆಲ ಒರೆಸುವುದು ಮತ್ತು ಗಿಡಗಳ ಪಾಲು. ಮನೆಯ ಮುಖ್ಯ ನೀರು ನಿಂತುಹೋದ ದಿನ ಕುಡಿಯುವ ನೀರನ್ನು ಹೇಗೋ ಹೊತ್ತು ತರಬಹುದು, ಆದರೆ ಈ ಉಳಿದ ಪಾಲಿನ ಕೊರತೆಯೇ ಮನೆಯವರನ್ನು ಹೈರಾಣು ಮಾಡುತ್ತದೆ. ಆಳವಿಲ್ಲದ ಬಾವಿಯೊಂದು ಎರಡನೆಯ ಆಸರೆಯಾಗಿ ಸಾರ್ಥಕವಾಗುವುದು ಈ ಲೆಕ್ಕದ ಬಲದಿಂದಲೇ. ಅದರ ನೀರು ಕುಡಿಯಲು ಯೋಗ್ಯವೆಂದು ಪರೀಕ್ಷೆಯಲ್ಲಿ ತಿಳಿದರೆ ಸಂತೋಷ. ಯೋಗ್ಯವಲ್ಲವೆಂದು ತಿಳಿದರೂ ಬಾವಿ ವ್ಯರ್ಥವಾಗುವುದಿಲ್ಲ.

ಇಲ್ಲಿ ಆಳವಿಲ್ಲದ ಬಾವಿ ಎಂದರೆ ನೆಲದಿಂದ ಹತ್ತು, ಹೆಚ್ಚೆಂದರೆ ಹದಿನೈದು ಮೀಟರ್ ಒಳಗೆ, ಮೇಲಿನಿಂದ ಇಂಗಿದ ಮಳೆನೀರು ಮೊದಲ ಗಟ್ಟಿ ಪದರದ ಮೇಲೆ ನಿಂತಿರುವಲ್ಲಿಗೆ ಇಳಿಯುವ, ಸಿಮೆಂಟ್ ರಿಂಗುಗಳನ್ನು ಇಳಿಸಿ ಕಟ್ಟಿದ ಬಾವಿ. ಈ ನೀರು ಹತ್ತಿರದಲ್ಲಿದೆ ಎಂಬುದೇ ಅದರ ಅನುಕೂಲ, ಅದೇ ಅದರ ದೌರ್ಬಲ್ಯವೂ ಹೌದು: ಮೇಲೆ ಚೆಲ್ಲಿದ ಕೊಳೆ ಆಳದ ನೀರಿಗಿಂತ ಬಲು ಬೇಗ ಇದನ್ನು ಮುಟ್ಟುತ್ತದೆ, ಬರಗಾಲ ಬಂದಾಗ ಮೊದಲು ಇಳಿಯುವುದೂ ಇದೇ ನೀರು. ಆದ್ದರಿಂದ ಈ ಬರಹದಲ್ಲಿ ನೀರು ಹುಡುಕುವುದಕ್ಕಿಂತ, ಸಿಕ್ಕ ನೀರನ್ನು ಕೆಡದಂತೆ ಕಾಯುವುದಕ್ಕೂ ಅಗೆಯುವವರ ಜೀವವನ್ನು ಕಾಪಾಡುವುದಕ್ಕೂ ಹೆಚ್ಚು ಜಾಗ ಕೊಟ್ಟಿದ್ದೇನೆ. ಬಾವಿ ತೋಡುವುದಕ್ಕೆ ಸ್ಥಳೀಯ ಆಡಳಿತದ ಅನುಮತಿ ಬೇಕೇ, ನೆಲದಡಿ ವಿದ್ಯುತ್ ತಂತಿಯೋ ಒಳಚರಂಡಿಯೋ ಹಾದುಹೋಗಿದೆಯೇ ಎಂಬುದನ್ನು ಗುದ್ದಲಿ ಹಿಡಿಯುವ ಮೊದಲೇ ವಿಚಾರಿಸಿಕೊಂಡಿರಬೇಕು.

ಜಾಗ

ಜಾಗ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ನೀರು ಎಲ್ಲಿದೆ ಎಂಬುದಲ್ಲ, ಕೊಳೆ ಎಲ್ಲಿದೆ ಎಂಬುದು. ಶೌಚಗುಂಡಿ, ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿ, ದನದ ಕೊಟ್ಟಿಗೆ, ಗೊಬ್ಬರದ ತಿಪ್ಪೆ, ಕಸದ ಗುಂಡಿ, ಇಂಧನ ಅಥವಾ ಕೀಟನಾಶಕ ಇಡುವ ಕೊಠಡಿ ಇವೆಲ್ಲವನ್ನೂ, ನಿಮ್ಮ ಜಾಗದಲ್ಲಿರುವವಷ್ಟೇ ಅಲ್ಲದೆ ನೆರೆಯವರ ಜಾಗದಲ್ಲಿರುವವನ್ನೂ, ಒಂದು ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿ. ಸಾಮಾನ್ಯವಾಗಿ ಪಾಲಿಸುವ ಅಂತರ 30 ಮೀಟರ್. ನೆಲದ ಇಳಿಜಾರಿನಲ್ಲಿ ಬಾವಿ ಮೇಲೆ, ಗುಂಡಿ ಕೆಳಗೆ ಇರಬೇಕು, ಏಕೆಂದರೆ ಅಂತರ್ಜಲವೂ ಬಹುಮಟ್ಟಿಗೆ ನೆಲದ ಇಳಿಜಾರನ್ನೇ ಅನುಸರಿಸಿ ಹರಿಯುತ್ತದೆ. ಬಿರುಕು ಬಿಟ್ಟ ಬಂಡೆಯ ನೆಲದಲ್ಲಿ ಮಾತ್ರ 30 ಮೀಟರ್ ಕೂಡ ಸಾಲದು. ಮರಳು ಮತ್ತು ಮಣ್ಣು ರೋಗಾಣುಗಳನ್ನು ಸೋಸಿ ತಡೆಯುವಂತೆ ಬಂಡೆಯ ಬಿರುಕು ತಡೆಯುವುದಿಲ್ಲ, ಅದು ಕೊಳೆನೀರನ್ನು ಕೊಳವೆಯಂತೆ ನೇರವಾಗಿ ಸಾಗಿಸುತ್ತದೆ.

ಈ ಅಂತರದ ಬೆಲೆ ಏನೆಂಬುದಕ್ಕೆ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಬಾವಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1854ರಲ್ಲಿ ಆ ಬಾವಿಯ ಪಂಪಿನ ನೀರು ಕುಡಿದವರಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಸಾವುಗಳ ಜಾಡು ಹಿಡಿದು ಅದೇ ಪಂಪಿನ ಬಳಿಗೆ ಬಂದರು. ಆ ಬಾವಿಗೆ ಒಂದು ಮೀಟರಿನಷ್ಟು ಹತ್ತಿರದಲ್ಲೇ ಸೋರುವ ಮಲದ ಗುಂಡಿಯೊಂದಿದ್ದುದು ಆಮೇಲೆ ಅಗೆದು ನೋಡಿದಾಗ ತಿಳಿಯಿತು. ಆ ನೀರು ನೋಡಲು ತಿಳಿಯಾಗಿತ್ತು, ರುಚಿಗೂ ಹೆಸರಾಗಿತ್ತು. ಕಣ್ಣು ಮತ್ತು ನಾಲಿಗೆಯನ್ನು ನಂಬಿ ಬಾವಿಯ ನೀರಿಗೆ ಯೋಗ್ಯತಾಪತ್ರ ಕೊಡಬಾರದು ಎಂಬುದನ್ನು ಈ ಒಂದು ಘಟನೆಯೇ ಹೇಳಿಕೊಡುತ್ತದೆ.

ಕೊಳೆಯಿಂದ ದೂರವಿರುವ ಜಾಗಗಳು ಉಳಿದ ಮೇಲೆ ನೀರಿನ ಮಾತು. ಸುತ್ತಲಿನ ತೆರೆದ ಬಾವಿಗಳಲ್ಲಿ ಬೇಸಿಗೆಯ ಕೊನೆಗೆ ನೀರು ಎಷ್ಟು ಆಳದಲ್ಲಿರುತ್ತದೆ, ಅಗೆಯುವಾಗ ಎಂಥ ಮಣ್ಣು ಸಿಕ್ಕಿತು ಎಂದು ಆ ಮನೆಯವರನ್ನು ಕೇಳುವುದಕ್ಕಿಂತ ಉತ್ತಮವಾದ ಸಮೀಕ್ಷೆ ಇನ್ನೊಂದಿಲ್ಲ. ತಗ್ಗುನೆಲ, ಹಳ್ಳದ ಬದಿಯ ಮೆಕ್ಕಲು, ಒಣಗಾಲದಲ್ಲೂ ಹಸಿರಾಗಿರುವ ಗಿಡಗಂಟಿ ಒಳ್ಳೆಯ ಸೂಚನೆಗಳು. ಆದರೆ ನೆರೆ ಬಂದಾಗ ಮುಳುಗುವ ಜಾಗ ಬೇಡವೇ ಬೇಡ. ಕವಲುಕಡ್ಡಿ ಹಿಡಿದು ನೀರು ತೋರಿಸುವ ವಿದ್ಯೆಯನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದಾಗಲೆಲ್ಲ ಅದು ಕಣ್ಣುಮುಚ್ಚಿ ಆರಿಸುವುದಕ್ಕಿಂತ ಮೇಲೆಂದು ಸ್ಥಿರವಾಗಿ ಕಂಡುಬಂದಿಲ್ಲ. ಆ ಖರ್ಚನ್ನು ಪರೀಕ್ಷಾ ರಂಧ್ರಕ್ಕೆ ಹಾಕುವುದು ಲೇಸು. ಸಮುದ್ರದ ಹತ್ತಿರವಿರುವವರು ಇನ್ನೊಂದು ಸಂಗತಿ ಅರಿತಿರಬೇಕು: ಅಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರಿನವರೆಗೆ ಸಿಹಿನೀರಿದೆ ಎಂಬುದು ಅಂದಾಜು, ಹಾಗಾಗಿ ಮೇಲಿನ ಮಟ್ಟ ಒಂದಿಷ್ಟು ಇಳಿದರೂ ಉಪ್ಪು ಹಲವು ಪಟ್ಟು ಮೇಲೇರುತ್ತದೆ. ಅಂಥ ಬಾವಿಯನ್ನು ಆಳ ಮಾಡದೆ ಅಗಲ ಮಾಡಬೇಕು, ನೀರನ್ನು ಒಮ್ಮೆಲೇ ಎಳೆಯದೆ ಸ್ವಲ್ಪಸ್ವಲ್ಪವೇ ತೆಗೆಯಬೇಕು.

ಪರೀಕ್ಷಾ ರಂಧ್ರ ಮತ್ತು ಕಾಲ

ಮಣ್ಣು ಕೊರೆಯುವ ಕೈಬೈರಿಗೆಯಿಂದ ಐದರಿಂದ ಹತ್ತು ಸೆಂಟಿಮೀಟರ್ ಅಗಲದ ರಂಧ್ರ ಕೊರೆದು, ಪ್ರತಿ ಅರ್ಧ ಮೀಟರಿಗೆ ಮೇಲೆ ಬಂದ ಮಣ್ಣನ್ನು ಸಾಲಾಗಿ ಒಂದು ಹಲಗೆಯ ಮೇಲೆ ಇಡುತ್ತ ಹೋದರೆ, ಒಂದೆರಡು ದಿನದ ಶ್ರಮದಲ್ಲಿ ನೆಲದ ಒಳಗಿನ ಚಿತ್ರ ಕೈಗೆ ಸಿಗುತ್ತದೆ. ನೋಡಬೇಕಾದದ್ದು ಮಣ್ಣಿನ ತೇವವನ್ನಲ್ಲ, ಅದರ ಕಣದ ಗಾತ್ರವನ್ನು. ಜೇಡಿಮಣ್ಣು ತನ್ನ ಗಾತ್ರದ ಅರ್ಧದಷ್ಟು ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು, ಆದರೆ ಬಾವಿಗೆ ಬಿಟ್ಟುಕೊಡುವುದು ಅತ್ಯಲ್ಪ. ಮರಳು ಹಿಡಿಯುವುದು ಅದಕ್ಕಿಂತ ಕಡಿಮೆಯಾದರೂ ಹಿಡಿದುದರಲ್ಲಿ ಹೆಚ್ಚಿನ ಪಾಲನ್ನು ಬಿಟ್ಟುಕೊಡುತ್ತದೆ. ನೀರು ತೊಟ್ಟಿಕ್ಕುವ ಜೇಡಿಯನ್ನು ಕಂಡು ಹಿಗ್ಗಿ ಬಾವಿ ತೋಡಿದವರು, ಒಂದು ಬಿಂದಿಗೆ ಸೇದಿ ಮತ್ತೊಂದು ಬಿಂದಿಗೆಗೆ ಗಂಟೆಗಟ್ಟಲೆ ಕಾಯುವಂತಾಗುವುದು ಇದರಿಂದಲೇ. ರಂಧ್ರದಲ್ಲಿ ನೀರು ಕಂಡ ಮೇಲೆ ಒಂದು ಇರುಳು ಬಿಟ್ಟು ಅದರ ಮಟ್ಟವನ್ನು ಅಳೆದು ಬರೆದಿಡಿ.

ಅಗೆತಕ್ಕೆ ತಕ್ಕ ಕಾಲ ವರ್ಷದ ಅತ್ಯಂತ ಒಣ ದಿನಗಳು. ಮಳೆಗಾಲ ಮುಗಿದ ಕೂಡಲೇ ತೋಡಿದ ಬಾವಿಯಲ್ಲಿ ನೀರು ಬೇಗ ಸಿಗುತ್ತದೆ, ಆದರೆ ಜಲಮಟ್ಟ ಇಳಿದಾಗ ಬಾವಿಯ ತಳವೇ ಮೇಲೆ ಉಳಿದು ಅದು ಬತ್ತುತ್ತದೆ. ಎರಡನೆಯ ಆಸರೆಯಾಗಬೇಕಾದ ಬಾವಿ ಅಗತ್ಯದ ತಿಂಗಳಲ್ಲೇ ಖಾಲಿಯಿದ್ದರೆ ಅದನ್ನು ತೋಡಿದ ಉದ್ದೇಶವೇ ಕೈಗೂಡಲಿಲ್ಲ. ಒಣಗಾಲದ ಜಲಮಟ್ಟದಿಂದ ಕೆಳಗೆ ಎರಡರಿಂದ ಮೂರು ಮೀಟರ್ ನೀರಿನ ಆಳ ಸಿಗುವವರೆಗೆ ಇಳಿಯಬೇಕು.

ಅಳತೆ

ಒಳವ್ಯಾಸ ಒಂದು ಮೀಟರ್ ಇರುವ ಬಾವಿಯಲ್ಲಿ ಪ್ರತಿ ಮೀಟರ್ ಆಳಕ್ಕೆ 785 ಲೀಟರ್ ನೀರು ನಿಲ್ಲುತ್ತದೆ, 1.2 ಮೀಟರ್ ವ್ಯಾಸವಾದರೆ ಸುಮಾರು 1,130 ಲೀಟರ್. ಎರಡೂವರೆ ಮೀಟರ್ ನೀರು ನಿಂತ ಒಂದು ಮೀಟರಿನ ಬಾವಿಯಲ್ಲಿ ಹೀಗೆ 1,960 ಲೀಟರಿನಷ್ಟು ಸಂಗ್ರಹ ಸದಾ ಇರುತ್ತದೆ, ಅಂದರೆ ನಾಲ್ಕೈದು ಮಂದಿಯ ಮನೆಗೆ ಮಿತವಾಗಿ ಬಳಸಿದರೆ ಒಂದು ವಾರದ ನೀರು, ಒರತೆ ಪೂರ್ತಿ ನಿಂತರೂ. ಕೊಳವೆಬಾವಿಗೂ ತೆರೆದ ಬಾವಿಗೂ ಇರುವ ಮುಖ್ಯ ವ್ಯತ್ಯಾಸ ಇದು: ಬಾವಿಯೇ ಒಂದು ತೊಟ್ಟಿ. ನಿಧಾನವಾಗಿ ಒಸರುವ ಒರತೆಯೂ ಇಡೀ ಇರುಳು ಅದನ್ನು ತುಂಬಬಲ್ಲದು. ವ್ಯಾಸ ಇಮ್ಮಡಿಯಾದರೆ ಸಂಗ್ರಹ ನಾಲ್ಕು ಪಟ್ಟಾಗುತ್ತದೆ, ಆದರೆ ಒಳಬರುವ ನೀರು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಎತ್ತಬೇಕಾದ ಮಣ್ಣು ಮಾತ್ರ ನಾಲ್ಕು ಪಟ್ಟಾಗುತ್ತದೆ. ಒಂದು ಮೀಟರಿಗಿಂತ ಕಡಿಮೆ ವ್ಯಾಸದಲ್ಲಿ ಮನುಷ್ಯ ಬಾಗಿ ಕೆಲಸ ಮಾಡುವುದು ಕಷ್ಟ. ಮನೆಬಳಕೆಗೆ 1ರಿಂದ 1.2 ಮೀಟರ್ ಸರಿಯಾದ ಅಳತೆ ಎಂಬುದು ನನ್ನ ಅಭಿಪ್ರಾಯ.

ಎಂಟು ಮೀಟರ್ ಆಳದ ಇಂಥ ಬಾವಿಯಿಂದ ಎಂಟು ಘನ ಮೀಟರಿಗೂ ಹೆಚ್ಚು ಮಣ್ಣು ಹೊರಬರುತ್ತದೆ. ಅದರ ತೂಕ ಹದಿನಾಲ್ಕು ಟನ್ನಿನ ಆಸುಪಾಸು, ಅಷ್ಟೂ ಬುಟ್ಟಿ ಬುಟ್ಟಿಯಾಗಿ ಒಬ್ಬ ಮನುಷ್ಯನ ತಲೆಯ ಮೇಲೆ ಹಾದು ಮೇಲೇರಬೇಕು. ಕೆಲಸಕ್ಕೆ ಇಳಿಯುವ ಮುನ್ನ ಈ ಸಂಖ್ಯೆಯನ್ನು ಒಮ್ಮೆ ಮನಸ್ಸಿನಲ್ಲಿ ತೂಗಿ ನೋಡಬೇಕು.

ಅಗೆಯುವವರ ಜೀವ

ಬಾವಿಯ ಕೆಲಸದಲ್ಲಿ ಸಾವು ಮೂರು ದಾರಿಯಿಂದ ಬರುತ್ತದೆ: ಕುಸಿಯುವ ಮಣ್ಣು, ಉಸಿರುಗಟ್ಟಿಸುವ ಗಾಳಿ, ಮೇಲಿನಿಂದ ಬೀಳುವ ವಸ್ತು. ಈ ಮೂರಕ್ಕೂ ಸಿದ್ಧತೆಯಿಲ್ಲದೆ ಯಾರನ್ನೂ, ಎಷ್ಟೇ ಅನುಭವಿಯಾದರೂ, ಒಳಗೆ ಇಳಿಸಬೇಡಿ. ಅನುಭವಿಗಳೇ ಈ ಭಾಗವನ್ನು ಓದಲಿ ಎಂಬುದು ನನ್ನ ಕಳಕಳಿಯ ಕೋರಿಕೆ, ಏಕೆಂದರೆ ಹತ್ತು ಬಾವಿಗಳನ್ನು ಸುರಕ್ಷಿತವಾಗಿ ತೋಡಿದ ನೆನಪು ಹನ್ನೊಂದನೆಯದರ ಗಾಳಿಯನ್ನು ಶುದ್ಧ ಮಾಡುವುದಿಲ್ಲ.

ಒಂದು ಘನ ಮೀಟರ್ ಮಣ್ಣಿನ ತೂಕ ಒಂದೂವರೆ ಟನ್ನಿಗೆ ಕಡಿಮೆಯಿಲ್ಲ. ಎದೆಮಟ್ಟ ಹೂತವನಿಗೂ ಅದರ ಒತ್ತಡದಲ್ಲಿ ಉಸಿರೆಳೆಯಲಾಗದು. ಗಟ್ಟಿಯಾಗಿ ಕಾಣುವ ಗೋಡೆ ಒಣಗಿ ಬಿರುಕು ಬಿಟ್ಟೋ, ಒರತೆಯಿಂದ ನೆನೆದೋ ಯಾವ ಸೂಚನೆಯೂ ಇಲ್ಲದೆ ಜಾರಬಹುದು. ಹಾಗಾಗಿ ಆಸರೆಯಿಲ್ಲದ ಮಣ್ಣಿನ ಗೋಡೆಯ ನಡುವೆ ಒಂದು ಮೀಟರಿಗಿಂತ ಆಳಕ್ಕೆ ಯಾರೂ ಇಳಿಯಬಾರದು. ಕೆಳಗೆ ಹೇಳಿರುವ ವಿಧಾನದಲ್ಲಿ ಮೊದಲ ದಿನದಿಂದಲೇ ಅಗೆಯುವವರು ಸಿಮೆಂಟ್ ರಿಂಗಿನ ಒಳಗೇ ಇರುತ್ತಾರೆ; ನಾನು ಅದನ್ನೇ ಶಿಫಾರಸು ಮಾಡುವುದಕ್ಕೆ ಕಾರಣ ಇದೊಂದೇ. ಅಗೆದ ಮಣ್ಣನ್ನು ಬಾಯಿಯಿಂದ ಎರಡು ಮೀಟರಿನಾಚೆ ರಾಶಿ ಹಾಕಬೇಕು.

ಗಾಳಿಯ ವಿಷಯ ಇನ್ನೂ ಕಠಿಣ, ಏಕೆಂದರೆ ಅದು ಕಣ್ಣಿಗೆ ಕಾಣದು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇಕಡ 20.9ರಷ್ಟಿದೆ, ಶೇಕಡ 19.5ಕ್ಕಿಂತ ಕೆಳಗಿಳಿದರೆ ಆ ಜಾಗವನ್ನು ಅಪಾಯಕಾರಿ ಎಂದು ಪರಿಗಣಿಸಬೇಕು. ಮಣ್ಣಿನಲ್ಲಿ ಕೊಳೆಯುವ ವಸ್ತು ಆಮ್ಲಜನಕವನ್ನು ಹೀರಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಅದು ಗಾಳಿಗಿಂತ ಭಾರವಾದ್ದರಿಂದ ಬಾವಿಯ ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ನಿನ್ನೆ ಸಂಜೆ ಸರಿಯಿದ್ದ ಬಾವಿ, ಇರುಳಲ್ಲಿ ವಾಯುಭಾರ ಕುಸಿದು ಮಣ್ಣಿನ ಅನಿಲ ಹೊರಬಂದ ಕಾರಣ, ಇಂದು ಬೆಳಿಗ್ಗೆ ಮಾರಕವಾಗಿರಬಹುದು. ಉರಿಯುವ ಮೇಣದ ಬತ್ತಿಯನ್ನೋ ಲಾಟೀನನ್ನೋ ಇಳಿಸಿ ನೋಡುವ ಹಳೆಯ ಪದ್ಧತಿಯನ್ನು ನಂಬಬೇಡಿ. ಇಂಗಾಲದ ಮಾನಾಕ್ಸೈಡನ್ನೂ ಹೈಡ್ರೋಜನ್ ಸಲ್ಫೈಡನ್ನೂ ದೀಪ ತೋರಿಸಿಕೊಡುವುದಿಲ್ಲ, ಮೀಥೇನ್ ಇದ್ದರೆ ದೀಪವೇ ಸ್ಫೋಟಕ್ಕೆ ಕಾರಣವಾಗುತ್ತದೆ. ಅನಿಲ ಅಳೆಯುವ ಮೀಟರ್ ಬಾಡಿಗೆಗೆ ತಂದು, ಪ್ರತಿ ಬಾರಿ ಇಳಿಯುವ ಮುನ್ನ ಹಗ್ಗಕ್ಕೆ ಕಟ್ಟಿ ತಳದವರೆಗೆ ಇಳಿಸಿ ನೋಡಬೇಕು. ಮನುಷ್ಯ ಒಳಗಿರುವಷ್ಟು ಹೊತ್ತೂ ಬ್ಲೋವರಿನಿಂದ ಅಗಲವಾದ ಕೊಳವೆಯ ಮೂಲಕ ತಳಕ್ಕೆ ತಾಜಾ ಗಾಳಿ ಊದುತ್ತಿರಬೇಕು.

ಡೀಸೆಲ್ ಅಥವಾ ಪೆಟ್ರೋಲ್ ಎಂಜಿನ್ನಿನ ಪಂಪನ್ನು ಬಾವಿಯೊಳಗೆ ಇಳಿಸುವುದು ಕೊಲೆಗೆ ಸಮಾನ. ಅದರ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡ್ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಬಾಯಿಯ ಪಕ್ಕದಲ್ಲಿಟ್ಟರೂ ಹೊಗೆ ಕೆಳಗಿಳಿಯಬಹುದು. ಎಂಜಿನ್ ಆಗಲಿ ಜನರೇಟರ್ ಆಗಲಿ, ಬಾವಿಯಿಂದ ದೂರದಲ್ಲಿ, ಹೊಗೆ ಬಾವಿಯ ಕಡೆ ಬೀಸದ ದಿಕ್ಕಿನಲ್ಲಿ ಇರಬೇಕು. ವಿದ್ಯುತ್ ಪಂಪಿನಿಂದ ನೀರೆತ್ತುವುದಾದರೆ 30 ಮಿಲಿಆಂಪಿಯರ್ ಸೋರಿಕೆಗೇ ಕಡಿತಗೊಳ್ಳುವ ಆರ್‌ಸಿಸಿಬಿ ಸ್ವಿಚ್ಚಿನ ಮೂಲಕ ಸಂಪರ್ಕ ಕೊಡಿ, ಆದರೂ ಮನುಷ್ಯ ನೀರಿನಲ್ಲಿ ನಿಂತಿರುವಾಗ ಪಂಪು ಓಡಿಸಬೇಡಿ.

ಒಳಗಿರುವವರಿಗೆ ಮೈಗೆ ತೊಡುವ ಸುರಕ್ಷಾ ಪಟ್ಟಿ ಮತ್ತು ಬುಟ್ಟಿಯ ಹಗ್ಗದಿಂದ ಬೇರೆಯಾದ ಜೀವರಕ್ಷಕ ಹಗ್ಗ ಇರಬೇಕು, ಮೇಲೆ ಯಾವಾಗಲೂ ಕನಿಷ್ಠ ಇಬ್ಬರಿರಬೇಕು. ಕೆಳಗಿನವರು ಮಾತಿಗೆ ಉತ್ತರ ಕೊಡದಿದ್ದರೆ ಹಗ್ಗದಿಂದ ಮೇಲಕ್ಕೆಳೆಯಿರಿ, ಬ್ಲೋವರ್ ಓಡಿಸುತ್ತಲೇ ಇರಿ, ಅಗ್ನಿಶಾಮಕ ದಳವನ್ನು ಕರೆಯಿರಿ, ಆದರೆ ಬರಿಗೈಯಲ್ಲಿ ಹಿಂದೆಯೇ ಇಳಿಯಬೇಡಿ. ಬಾವಿಯ ಗಾಳಿ ಒಬ್ಬನನ್ನು ಕೆಡವಿದ ಮೇಲೆ ಅವನನ್ನು ಎತ್ತಲು ಇಳಿದ ಅಣ್ಣನೂ ತಂದೆಯೂ ಅಲ್ಲೇ ಉಳಿಯುವುದು ಮತ್ತೆ ಮತ್ತೆ ನಡೆಯುವ ದುರಂತ. ಬುಟ್ಟಿಯನ್ನು ಮುಕ್ಕಾಲು ಭಾಗ ಮಾತ್ರ ತುಂಬುವುದು, ಹಾರೆ ಪಿಕಾಸಿಗಳನ್ನು ಪ್ರತ್ಯೇಕವಾಗಿ ಕಟ್ಟಿ ಇಳಿಸುವುದು, ತಲೆಗೆ ಹೆಲ್ಮೆಟ್ ಹಾಕುವುದು ಇವು ಬೇರೆ ಹೇಳದೆಯೂ ತಿಳಿಯುವಂಥವು.

ರಿಂಗು ಇಳಿಸುವುದು

ಒಳವ್ಯಾಸ ಒಂದು ಮೀಟರ್, ಗೋಡೆಯ ದಪ್ಪ ಏಳೂವರೆ ಸೆಂಟಿಮೀಟರ್, ಎತ್ತರ ಅರ್ಧ ಮೀಟರ್ ಇರುವ ಕಾಂಕ್ರೀಟ್ ರಿಂಗು ಸುಮಾರು 300 ಕಿಲೋ ತೂಗುತ್ತದೆ, ಆದ್ದರಿಂದ ಮೂರು ಕಾಲಿನ ಗಟ್ಟಿಯಾದ ಚೌಕಟ್ಟು ಮತ್ತು ಸರಪಳಿ ರಾಟೆ ಇಲ್ಲದೆ ಅದರ ಗೊಡವೆ ಬೇಡ. ಮೊದಲ ರಿಂಗಿನ ತಳದ ಅಂಚು ಒಳಮುಖವಾಗಿ ಓರೆಯಾಗಿ ಚೂಪಾಗಿರಬೇಕು, ಅದರ ಹೊರವ್ಯಾಸ ಮಿಕ್ಕವುಗಳಿಗಿಂತ ಸುತ್ತಲೂ ಐದು ಸೆಂಟಿಮೀಟರ್ ಹೆಚ್ಚಿರಬೇಕು. ಚೂಪು ಅಂಚು ಮಣ್ಣನ್ನು ಸೀಳಿ ಇಳಿಯುತ್ತದೆ, ಹೆಚ್ಚಿನ ವ್ಯಾಸವು ಮೇಲಿನ ರಿಂಗುಗಳ ಸುತ್ತ ಸಂದು ಬಿಟ್ಟು ಅವು ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುತ್ತದೆ.

ನೆಲದ ಮೇಲೆ ಅರ್ಧ ಮೀಟರಿನಷ್ಟು ತಗ್ಗು ತೆಗೆದು, ತಳ ಸಮ ಮಾಡಿ, ಮೊದಲ ರಿಂಗನ್ನು ಮಟ್ಟಗೋಲಿನಿಂದ ನೋಡಿ ಕೂರಿಸಬೇಕು. ಎರಡನೆಯದನ್ನು ಅದರ ಮೇಲಿಟ್ಟು ಎರಡನ್ನೂ ಬೋಲ್ಟು ಅಥವಾ ಕಬ್ಬಿಣದ ಪಟ್ಟಿಯಿಂದ ಬಿಗಿಯಬೇಕು. ಆಮೇಲೆ ಒಳಗಿನವರು ಮಧ್ಯದಿಂದ ಅಂಚಿನ ಕಡೆಗೆ, ಸುತ್ತಲೂ ಒಂದೇ ಸಮನಾಗಿ ಮಣ್ಣು ತೆಗೆಯುತ್ತ ಹೋದರೆ ರಿಂಗುಗಳು ತಮ್ಮ ಭಾರದಿಂದಲೇ ಇಳಿಯುತ್ತವೆ. ಇಳಿದಷ್ಟಕ್ಕೆ ಮೇಲೆ ಹೊಸ ರಿಂಗು ಸೇರಿಸಬೇಕು. ರಿಂಗು ಎತ್ತಿ ಇಡುವಾಗ ಒಳಗೆ ಯಾರೂ ಇರಬಾರದು. ಅಂಚಿಗಿಂತ ಕೆಳಗೆ ಒಂದು ಗೇಣಿಗಿಂತ ಹೆಚ್ಚು ಅಗೆಯುವ ಆತುರ ಬೇಡ, ಏಕೆಂದರೆ ಗೋಡೆ ಜಾರಿದರೆ ಆ ತೆರೆದ ಭಾಗದಿಂದಲೇ ಜಾರುತ್ತದೆ.

ರಿಂಗುಗಳ ಸಾಲು ಓರೆಯಾಗುವುದು ಈ ವಿಧಾನದ ದೊಡ್ಡ ತೊಂದರೆ. ಪ್ರತಿ ರಿಂಗು ಇಳಿದ ಮೇಲೂ ನಾಲ್ಕು ಕಡೆ ತೂಗುಗುಂಡು ಬಿಟ್ಟು ನೋಡಿ. ಒಂದು ಮಗ್ಗುಲು ಮೇಲೆ ನಿಂತಿದ್ದರೆ ಅದರ ಅಡಿಯ ಮಣ್ಣನ್ನು ಮಾತ್ರ ಮೆಲ್ಲಗೆ ಕೆರೆದು ತೆಗೆಯಿರಿ. ಕೆಳಗಿಳಿದ ಮಗ್ಗುಲನ್ನು ಮುಟ್ಟಬೇಡಿ. ಅರ್ಧ ದಿನದ ಓರೆಯನ್ನು ಅರ್ಧ ಗಂಟೆಯಲ್ಲಿ ಸರಿಪಡಿಸಬಹುದು, ಮೂರು ದಿನ ಬಿಟ್ಟ ಓರೆ ಹಾಗೇ ಉಳಿಯುತ್ತದೆ. ದೊಡ್ಡ ಬಂಡೆ ಅಡ್ಡ ಬಂದರೆ ಒಡೆಯುವ ಹಟಕ್ಕಿಂತ ಜಾಗ ಬದಲಿಸುವುದೇ ಹಲವು ಬಾರಿ ಅಗ್ಗ, ಪರೀಕ್ಷಾ ರಂಧ್ರವನ್ನು ಒಂದಕ್ಕೆ ನಿಲ್ಲಿಸದೆ ಎರಡು ಮೂರು ಕೊರೆಯಲು ಇದೂ ಒಂದು ಕಾರಣ.

ಜಲಮಟ್ಟಕ್ಕಿಂತ ಕೆಳಗೆ ಕೂರುವ ರಿಂಗುಗಳು ನೀರನ್ನು ಒಳಗೆ ಬಿಡುವಂತಿರಬೇಕು. ಮರಳು ಹಾಕದೆ ಸಿಮೆಂಟು ಮತ್ತು ಸಣ್ಣ ಜಲ್ಲಿಯಿಂದಲೇ ಎರಕ ಹೊಯ್ದ ರಂಧ್ರಮಯ ರಿಂಗು ಉತ್ತಮ. ಅದು ಸಿಗದಿದ್ದರೆ ಸುತ್ತ ಸಣ್ಣ ತೂತುಗಳಿರುವ ರಿಂಗು ಸಾಕು. ಮೇಲಿನ ರಿಂಗುಗಳು ಮಾತ್ರ ಒಂದು ಹನಿಯೂ ಸೋರದಂತಿರಬೇಕು. ನೀರು ಕಂಡ ಮೇಲೆ ಅಗೆತ ನಿಧಾನವಾಗುತ್ತದೆ: ನೀರೆತ್ತಬೇಕು, ಪಂಪು ನಿಲ್ಲಿಸಬೇಕು, ಇಳಿದು ಕೆಸರು ತುಂಬಬೇಕು, ಮೇಲೇರಬೇಕು. ತಳದಿಂದ ಮರಳು ನೀರಿನೊಡನೆ ಉಕ್ಕಿ ಬರತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಇನ್ನೂ ನೀರೆತ್ತಿದರೆ ಹೊರಗಿನ ಮಣ್ಣು ಟೊಳ್ಳಾಗಿ ಬಾವಿಯೇ ಕೂರಬಹುದು.

ಕೊನೆಗೆ ತಳಕ್ಕೆ ಸೋಸುವ ಪದರ. ನೀರು ಕೆಳಗಿನಿಂದ ಮೇಲಕ್ಕೆ ಬರುವುದರಿಂದ ಕ್ರಮವೂ ತಲೆಕೆಳಗು: ಮಣ್ಣಿಗೆ ತಾಗುವಂತೆ ತೊಳೆದ ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಎಲ್ಲಕ್ಕೂ ಮೇಲೆ 20ರಿಂದ 40 ಮಿಲಿಮೀಟರಿನ ಜಲ್ಲಿ, ಒಂದೊಂದೂ ಹತ್ತು ಸೆಂಟಿಮೀಟರಿನಷ್ಟು. ದಪ್ಪ ಜಲ್ಲಿಯನ್ನು ನೇರವಾಗಿ ಮರಳಿನ ಮೇಲೆ ಸುರಿದರೆ ಅದು ವರ್ಷದೊಳಗೆ ಮರಳಿನಲ್ಲಿ ಮುಳುಗಿಹೋಗುತ್ತದೆ.

ಮೇಲಿನ ಮೂರು ಮೀಟರ್

ಬಾವಿಯ ನೀರು ಒಳ್ಳೆಯದೋ ಕೆಟ್ಟದೋ ಎಂಬುದು ಬಹಳಮಟ್ಟಿಗೆ ನೆಲದಿಂದ ಮೂರು ಮೀಟರಿನೊಳಗೆ ತೀರ್ಮಾನವಾಗುತ್ತದೆ. ನೀರು ಸಿಕ್ಕ ಸಂತೋಷದಲ್ಲಿ ಈ ಭಾಗವನ್ನು ಅರೆಬರೆ ಮುಗಿಸುವುದು ಸಾಮಾನ್ಯ ತಪ್ಪು. ಮಳೆನೀರು ರಿಂಗಿನ ಹೊರಮೈಗೆ ಅಂಟಿಕೊಂಡು ಸಂದಿನೊಳಗೆ ನೇರ ಇಳಿದರೆ, ಮೂವತ್ತು ಮೀಟರ್ ದೂರದ ಎಚ್ಚರಿಕೆಗೆ ಬೆಲೆಯೇ ಉಳಿಯುವುದಿಲ್ಲ. ಆದ್ದರಿಂದ ಸಂದಿನ ಕೆಳಭಾಗಕ್ಕೆ, ಜಲಮಟ್ಟದವರೆಗೆ, ತೊಳೆದ ಸಣ್ಣ ಜಲ್ಲಿ ತುಂಬಿ, ಅಲ್ಲಿಂದ ಮೇಲೆ, ಕನಿಷ್ಠ ಕೊನೆಯ ಮೂರು ಮೀಟರಿಗೆ, ಸಿಮೆಂಟಿನ ತೆಳುಗಾರೆಯನ್ನು ಸುರಿದು ಮುಚ್ಚಬೇಕು. ಅತ್ಯಂತ ಮೇಲಿನ ಒಂದು ಮೀಟರಿಗೆ ಸುತ್ತಲಿನ ಮಣ್ಣನ್ನು ಅರ್ಧ ಮೀಟರ್ ಅಗಲ ತೆಗೆದು, ಹದವಾಗಿ ಕಲಸಿದ ಜೇಡಿಯನ್ನು ಪದರ ಪದರವಾಗಿ ತುಳಿದು ತುಂಬಿ. ಈ ಮೂರು ಮೀಟರಿನ ಪ್ರತಿ ರಿಂಗಿನ ಬೆಸುಗೆಗೂ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಬೆರೆಸಿದ ಗಾರೆ ಮೆತ್ತಬೇಕು. ಮಳೆಗಾಲದ ಜಲಮಟ್ಟವೇ ಮೂರು ಮೀಟರಿಗಿಂತ ಮೇಲೆ ಬರುವ ನೆಲದಲ್ಲಿ ಇಷ್ಟು ಮಾಡಿದರೂ ರಕ್ಷಣೆ ಪೂರ್ಣವಾಗದು. ಅಂಥ ಬಾವಿಯನ್ನು ಕುಡಿಯುವ ನೀರಿಗೆ ಲೆಕ್ಕಕ್ಕೆ ಹಿಡಿಯಬೇಡಿ.

ನೆಲದ ಮೇಲೆ ಕಟ್ಟೆ ಮುಕ್ಕಾಲು ಮೀಟರಾದರೂ ಎತ್ತರವಿರಲಿ. ಅದರ ಸುತ್ತ ಒಂದೂವರೆಯಿಂದ ಎರಡು ಮೀಟರ್ ಅಗಲದ ಕಾಂಕ್ರೀಟ್ ಜಗಲಿ ಹೊರಮುಖವಾಗಿ ಇಳಿಜಾರಾಗಿರಲಿ, ಅಂಚಿನ ಕಾಲುವೆ ಚೆಲ್ಲಿದ ನೀರನ್ನು ಕನಿಷ್ಠ ನಾಲ್ಕೈದು ಮೀಟರ್ ದೂರದ ಗಿಡದ ಪಾತಿಗೆ ಒಯ್ಯಲಿ. ಬಟ್ಟೆ ಒಗೆಯುವ ಕಲ್ಲು ಈ ಜಗಲಿಯ ಮೇಲೆ ಬೇಡ. ಬಾಯಿಗೆ ಕಾಂಕ್ರೀಟಿನ ಮುಚ್ಚಳ ಹಾಕಿ, ಅದರಲ್ಲಿ ಮನುಷ್ಯ ಇಳಿಯುವಷ್ಟು ಕಿಂಡಿ ಬಿಟ್ಟು, ಕಿಂಡಿಗೆ ಬೀಗ ಹಾಕುವ ಬಾಗಿಲಿಡಿ. ಸೊಳ್ಳೆ, ಎಲೆ, ಇಲಿಗಳಿಂದ ರಕ್ಷಣೆ ಒಂದು ಕಡೆಗಿರಲಿ, ಮನೆಯಲ್ಲಿ ಮಕ್ಕಳಿದ್ದರೂ ಇಲ್ಲದಿದ್ದರೂ ಬೀಗವಿಲ್ಲದ ಬಾವಿ ಇರಬಾರದು. ಮಾಳಿಗೆಯ ಮಳೆನೀರನ್ನು ನೇರವಾಗಿ ಬಾವಿಗೆ ಬಿಡುವ ಯೋಚನೆ ಕೆಲವರಿಗೆ ಬರುತ್ತದೆ. ಮಾಳಿಗೆಯ ಹಕ್ಕಿಹಿಕ್ಕೆಯೂ ಅದರೊಡನೆ ಬರುವುದರಿಂದ, ಆ ನೀರನ್ನು ಹತ್ತು ಮೀಟರ್ ದೂರದ ಇಂಗುಗುಂಡಿಗೆ ಬಿಟ್ಟು ಮಣ್ಣು ಸೋಸಿಕೊಡುವುದನ್ನು ಕಾಯುವುದೇ ಸರಿ.

ಶುದ್ಧೀಕರಣ, ಇಳುವರಿ, ಪರೀಕ್ಷೆ

ಹೊಸ ಬಾವಿಯ ನೀರನ್ನು ತಿಳಿಯಾಗುವವರೆಗೆ ಹಲವು ಬಾರಿ ಎತ್ತಿ ಚೆಲ್ಲಬೇಕು. ಆಗಲೇ ಇಳುವರಿಯನ್ನೂ ಅಳೆದುಬಿಡಿ: ನೀರನ್ನು ಒಂದು ಮೀಟರಿನಷ್ಟು ಇಳಿಸಿ, ಪಂಪು ನಿಲ್ಲಿಸಿ, ಒಂದು ಗಂಟೆಯಲ್ಲಿ ಎಷ್ಟು ಏರಿತೆಂದು ಅಳತೆಪಟ್ಟಿಯಿಂದ ನೋಡಿ. ಒಂದು ಮೀಟರ್ ವ್ಯಾಸದ ಬಾವಿಯಲ್ಲಿ 40 ಸೆಂಟಿಮೀಟರ್ ಏರಿದರೆ ಒರತೆ ಗಂಟೆಗೆ 314 ಲೀಟರ್. ಮಟ್ಟ ಮೇಲೇರಿದಂತೆ ಈ ವೇಗ ತಗ್ಗುವುದು ಸಹಜ.

ಶುದ್ಧೀಕರಣಕ್ಕೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕು. ಶೇಕಡ 30ರ ಬ್ಲೀಚಿಂಗ್ ಪುಡಿಯಾದರೆ ಸಾವಿರ ಲೀಟರಿಗೆ ಸುಮಾರು 170 ಗ್ರಾಂ, ಅಂದರೆ ಮೇಲೆ ಹೇಳಿದ 1,960 ಲೀಟರಿನ ಬಾವಿಗೆ 330 ಗ್ರಾಂ. ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಬಯಲಿನಲ್ಲಿ, ಕೈಗವಸು ತೊಟ್ಟು ನೀರಿಗೆ ಕಲಸಿ, ಸುಣ್ಣ ತಳದಲ್ಲಿ ಕೂತ ಮೇಲೆ ಮೇಲಿನ ತಿಳಿಯನ್ನು ಗೋಡೆಗಳ ಸುತ್ತ ಹರಿಯುವಂತೆ ಸುರಿಯಿರಿ. ಕೊಳವೆಗಳಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಪಂಪು ಓಡಿಸಿ, 12ರಿಂದ 24 ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ನೀರು ಎತ್ತಿ ಹೊರಹಾಕಿ. ಆ ನೀರು ಮೀನಿರುವ ಕೆರೆಗಾಗಲಿ ಗಿಡದ ಬುಡಕ್ಕಾಗಲಿ ಹೋಗಬಾರದು. ಕ್ಲೋರಿನ್ ಹಾಕಿದ ಬಾವಿಗೆ ಯಾರೂ ಇಳಿಯಬಾರದು.

ಒಂದೆರಡು ವಾರ ಕಳೆದು, ಕ್ಲೋರಿನ್ ಪೂರ್ತಿ ಹೋದ ಮೇಲೆ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಮಲದ ಸೋಂಕನ್ನು ಸೂಚಿಸುವ ಇ. ಕೋಲಿ ಬ್ಯಾಕ್ಟೀರಿಯ ಒಂದೂ ಇರಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಂತೆ ಲೀಟರಿಗೆ ನೈಟ್ರೇಟ್ 50 ಮಿಲಿಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು. ರೋಗಾಣುಗಳು ಕುದಿತಕ್ಕೆ ಸಾಯುತ್ತವೆ, ಆದರೆ ಈ ಮೂರು ವಸ್ತುಗಳು ಕುದಿಸಿದರೆ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದುದರಲ್ಲಿ ಅವು ಸಾಂದ್ರವಾಗುತ್ತವೆ. ನೈಟ್ರೇಟ್ ಹೆಚ್ಚಿರುವ ನೀರಿನಿಂದ ಹಾಲಿನ ಪುಡಿ ಕಲಸಿ ಕುಡಿಸಿದರೆ ಎಳೆಯ ಶಿಶುವಿನ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನು ಕಳೆದುಕೊಳ್ಳಬಹುದು, ಆದ್ದರಿಂದ ಹಸುಗೂಸಿರುವ ಮನೆಯವರು ಈ ಪರೀಕ್ಷೆಯನ್ನು ಬಿಡಲೇಬಾರದು.

ನೀರೆತ್ತುವುದು ಮತ್ತು ಎರಡು ನೀರು ಬೆರೆಯದಂತೆ ಕಾಯುವುದು

ನೆಲದ ಮೇಲಿಟ್ಟ ಪಂಪು ನೀರನ್ನು ಎಳೆಯುವುದಿಲ್ಲ, ವಾತಾವರಣದ ಒತ್ತಡ ಅದನ್ನು ಮೇಲಕ್ಕೆ ತಳ್ಳುತ್ತದೆ. ಆ ಒತ್ತಡ ಸಮುದ್ರಮಟ್ಟದಲ್ಲಿ ಹೊರಬಲ್ಲುದು 10.3 ಮೀಟರ್ ನೀರನ್ನು. ಕೊಳವೆಯ ಘರ್ಷಣೆ, ಸಣ್ಣಪುಟ್ಟ ಸೋರಿಕೆ ಕಳೆದರೆ ನಿಜದಲ್ಲಿ ಏಳು ಮೀಟರ್, ಎತ್ತರದ ಪ್ರದೇಶದಲ್ಲಿ ಅದಕ್ಕೂ ಕಡಿಮೆ. ಒಣಗಾಲದ ಮಟ್ಟ ಇದಕ್ಕಿಂತ ಆಳವಾದರೆ ನೀರೊಳಗೆ ಮುಳುಗುವ ಸಬ್‌ಮರ್ಸಿಬಲ್ ಪಂಪನ್ನೇ ಹಾಕಬೇಕು. ಕೊಳವೆಯ ತುದಿಯಲ್ಲಿ ನೀರು ಹಿಂದಿಳಿಯದಂತೆ ತಡೆಯುವ ಫುಟ್ ವಾಲ್ವಾಗಲಿ ಪಂಪಾಗಲಿ ತಳದಿಂದ ಅರ್ಧ ಮೀಟರ್ ಮೇಲಿರಲಿ. ಅದರ ಜೊತೆಗೆ ಒಂದು ಕೈಪಂಪನ್ನೋ, ಮುಚ್ಚಳದ ಕಿಂಡಿಯ ಮೇಲೆ ರಾಟೆಯನ್ನೋ ಇಡುವಂತೆ ಒತ್ತಾಯಿಸುತ್ತೇನೆ. ಮೊದಲ ನೀರು ನಿಂತ ದಿನ ವಿದ್ಯುತ್ತೂ ಇಲ್ಲದಿರುವುದು ಅಪರೂಪವೇನಲ್ಲ, ಮೊದಲನೆಯದು ಯಾವುದನ್ನು ಅವಲಂಬಿಸಿದೆಯೋ ಅದನ್ನೇ ಅವಲಂಬಿಸಿದ ಎರಡನೆಯ ಮೂಲ ಹೆಸರಿಗೆ ಮಾತ್ರ ಎರಡನೆಯದು.

ಬಾವಿಯ ಕೊಳವೆಯನ್ನು ಸಾರ್ವಜನಿಕ ಕೊಳಾಯಿಯ ಕೊಳವೆಗೆ ಎಂದೂ ನೇರವಾಗಿ ಜೋಡಿಸಬಾರದು, ನಡುವೆ ವಾಲ್ವ್ ಇದ್ದರೂ ಸರಿ. ಬೀದಿಯ ಕೊಳವೆಯಲ್ಲಿ ಒತ್ತಡ ಕುಸಿದ ಕ್ಷಣ ನಿಮ್ಮ ಬಾವಿಯ ನೀರು ಹಿಮ್ಮುಖವಾಗಿ ಹೀರಲ್ಪಟ್ಟು ಇಡೀ ಬೀದಿಯ ನಲ್ಲಿಗಳನ್ನು ತಲುಪಬಹುದು. ಬಾವಿಗೆ ಪ್ರತ್ಯೇಕ ತೊಟ್ಟಿ, ಪ್ರತ್ಯೇಕ ಕೊಳವೆ, ಬೇರೆ ಬಣ್ಣ ಇರಲಿ, ಅದು ಶೌಚಾಲಯ, ಬಟ್ಟೆ ಒಗೆಯುವ ಜಾಗ ಮತ್ತು ತೋಟಕ್ಕೆ ಹೋಗಲಿ. ಒಂದೇ ತೊಟ್ಟಿಗೆ ಎರಡನ್ನೂ ತುಂಬಲೇಬೇಕಾದರೆ, ಎರಡೂ ಕೊಳವೆಗಳ ಬಾಯಿ ತೊಟ್ಟಿಯ ತುಂಬುಮಟ್ಟಕ್ಕಿಂತ ಮೇಲೆ, ಗಾಳಿಯಲ್ಲಿ ತೆರೆದುಕೊಂಡಿರಬೇಕು. ಅಲ್ಲಿಂದ ಮುಂದೆ ಆ ತೊಟ್ಟಿಯ ನೀರೆಲ್ಲ ಬಾವಿಯ ನೀರೇ ಎಂದು ತಿಳಿದು ನಡೆಯಬೇಕು.

ಬಳಸದೆ ಬಿಟ್ಟ ಬಾವಿ ಕೆಡುತ್ತದೆ. ಮೊದಲ ನೀರು ಚೆನ್ನಾಗಿ ಬರುತ್ತಿದ್ದರೂ ವಾರಕ್ಕೊಮ್ಮೆಯಾದರೂ ನೀರೆತ್ತಿ ಬಳಸಿ. ತಿಂಗಳಿಗೊಮ್ಮೆ ನೀರಿನ ಮಟ್ಟವನ್ನೂ ಬಾವಿಯ ತಳದ ಆಳವನ್ನೂ ಅಳೆದು ಬರೆದಿಟ್ಟರೆ, ಮಟ್ಟ ಇಳಿಯುತ್ತಿದೆಯೋ ಹೂಳು ಏರುತ್ತಿದೆಯೋ ಎಂಬುದು ಬೇರೆ ಬೇರೆಯಾಗಿ ತಿಳಿಯುತ್ತದೆ. ವರ್ಷಕ್ಕೊಮ್ಮೆ, ಹಾಗೂ ಜಗಲಿಯ ಮೇಲೆ ನೆರೆ ಹರಿದಾಗಲೆಲ್ಲ, ಬಿರುಕು ಮುಚ್ಚಿ, ಕ್ಲೋರಿನ್ ಹಾಕಿ, ಮರುಪರೀಕ್ಷೆ ಮಾಡಿಸಿ. ಹೂಳು ತೆಗೆಯಲು ಇಳಿಯುವವರಿಗೂ ಅನಿಲ ಮೀಟರ್, ಬ್ಲೋವರ್, ಹಗ್ಗದ ನಿಯಮಗಳು ಒಂದೂ ಬಿಡದೆ ಅನ್ವಯಿಸುತ್ತವೆ. ವರ್ಷವಿಡೀ ಮುಚ್ಚಿದ್ದ ಬಾವಿಯ ಗಾಳಿ ಹೊಸ ಬಾವಿಯದಕ್ಕಿಂತ ಕೆಟ್ಟದಾಗಿರಬಹುದು. ಎಂದಾದರೊಂದು ದಿನ ಈ ಬಾವಿಯನ್ನು ಬಿಡುವುದಾದರೆ ಕಸ ಸುರಿದು ತುಂಬಬೇಡಿ, ಆ ಕಸ ನೆರೆಯವರ ಬಾವಿಯ ನೀರನ್ನು ಮುಟ್ಟುತ್ತದೆ. ಜಲಮಟ್ಟದವರೆಗೆ ಶುದ್ಧ ಮರಳು, ಅದರ ಮೇಲೆ ತುಳಿದು ಬಿಗಿಸಿದ ಜೇಡಿ, ಎಲ್ಲಕ್ಕೂ ಮೇಲೆ ಕಾಂಕ್ರೀಟಿನ ಚಪ್ಪಡಿ ಹಾಕಿ ಮುಚ್ಚಿ, ಜಾಗಕ್ಕೆ ಗುರುತು ಇಡಿ.